ಮೈಲುತುತ್ತ ಕಾಯಿಸುವಾಗ ತೂಕವನ್ನೂ ನೋಡಿ

ಮಾನ್ಯರೇ,

ಮೈಲುತುತ್ತ, ಅಂದರೆ ನೀರು ಸೇರಿದ ತಾಮ್ರದ ಸಲ್ಫೇಟಿನ ನೀಲಿ ಹರಳು, ಕಾಯಿಸಿದರೆ ನೀರು ಹೋಗಿ ಬೆಳ್ಳಗಾಗುತ್ತದೆ ಎಂದಷ್ಟೇ ಹೇಳಿ ಶಾಲೆಗಳಲ್ಲಿ ಪ್ರಯೋಗ ಮುಗಿಸುವುದು ಸಾಲದು. ಹರಳಿನಲ್ಲಿ ಪ್ರತಿ ತಾಮ್ರದ ಪಾಲಿಗಿರುವ ಐದು ನೀರಿನ ಅಣುಗಳೂ ಒಂದೇ ಬಗೆಯವಲ್ಲ. ನಾಲ್ಕು ನೇರವಾಗಿ ತಾಮ್ರಕ್ಕೆ ಅಂಟಿವೆ. ಐದನೆಯದನ್ನು ಹಿಡಿದಿರುವುದು ಹೈಡ್ರೋಜನ್ ಬಂಧಗಳು (ಹೈಡ್ರೋಜನ್ ಮೂಲಕ ಅಕ್ಕಪಕ್ಕದ ಕಣಗಳೊಂದಿಗಿನ ಸೆಳೆತ) ಮಾತ್ರ. ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು, 109ರಲ್ಲಿ ಇನ್ನೆರಡು, 200ರ ಆಸುಪಾಸಿನಲ್ಲಿ ಕೊನೆಯದು ಬಿಟ್ಟುಹೋಗುತ್ತವೆ. ತಾಮ್ರದ ಸುತ್ತ ನೀರು ಬಿಟ್ಟ ಜಾಗಕ್ಕೆ ಸಲ್ಫೇಟಿನ ಆಮ್ಲಜನಕ ಬರುವುದರಿಂದಲೇ ನೀಲಿ ಮಾಯ.

5 ಗ್ರಾಂ ಪುಡಿ ಪೂರ್ತಿ ಒಣಗಿದರೆ 3.2 ಗ್ರಾಂ ಉಳಿಯಬೇಕು. ಹೆಚ್ಚಿದ್ದರೆ ಇನ್ನೂ ನೀರಿದೆ, ಇಲ್ಲವೇ ತಣಿಯುವಾಗ ಗಾಳಿಯ ತೇವ ಹೀರಿದೆ. ಕಪ್ಪಾದರೆ ಉರಿ ಅತಿಯಾಗಿ ಸಲ್ಫೇಟೇ ಒಡೆದು ತಾಮ್ರದ ಆಕ್ಸೈಡ್ ಆಗಿದೆ. ಪ್ರನಾಳದ ಬಾಯಿ ತುಸು ಕೆಳಗೆ ಬಾಗಿರಲಿ. ಹಿಂದಕ್ಕೆ ಹರಿದ ಹನಿ ಕಾದ ತಳ ಮುಟ್ಟಿದರೆ ಗಾಜು ಸೀಳುತ್ತದೆ. ಪ್ರತಿ ಪ್ರೌಢಶಾಲೆಗೂ ಒಂದು ಒಳ್ಳೆಯ ತಕ್ಕಡಿ ಕೊಡಿಸಿ.

– ರಸಾಯನಶಾಸ್ತ್ರ ಶಿಕ್ಷಕರು, ಶಿವಮೊಗ್ಗ