ಕಾಗುಣಿತ ತಿದ್ದುವ ತಂತ್ರಾಂಶಕ್ಕೆ ಎಷ್ಟು ಅಧಿಕಾರ?

ಮಾನ್ಯ ಸಂಪಾದಕರೇ,

ಕಂಪ್ಯೂಟರಿನಲ್ಲಿ ದಿನವೂ ಬರೆಯುವವರಿಗೆ ಕೆಲವು ಉಚಿತ ತಂತ್ರಾಂಶಗಳು ನಿಜಕ್ಕೂ ಉಪಕಾರಿ. ಕಡತಗಳನ್ನು ಕುಗ್ಗಿಸಲು 7-ಜಿಪ್, ಸರಳ ಪಠ್ಯವನ್ನು ತಿದ್ದಲು ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಇವುಗಳನ್ನು ಯಾರಿಗಾದರೂ ಧೈರ್ಯವಾಗಿ ಸೂಚಿಸಬಹುದು. ಲಿಬ್ರೆ ಆಫೀಸ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ ಬಳಕೆಯಾಗುವ ಹನ್‌ಸ್ಪೆಲ್ ಎಂಬ ಕಾಗುಣಿತ ಪರೀಕ್ಷಕವು ಮೊದಲು ಹಂಗೇರಿಯನ್ ಭಾಷೆಗಾಗಿ ರೂಪುಗೊಂಡದ್ದರಿಂದ, ಪ್ರತ್ಯಯಗಳು ಒಂದರ ಮೇಲೊಂದು ಸೇರುವ ಭಾಷೆಗಳನ್ನೂ ತಕ್ಕಮಟ್ಟಿಗೆ ನಿಭಾಯಿಸಬಲ್ಲದು.

ಆದರೆ ಅನುಮಾನಾಸ್ಪದ ಪದದ ಕೆಳಗೆ ಕೆಂಪು ಗೆರೆ ಎಳೆಯುವುದು ಬೇರೆ, ಬರೆದವರನ್ನು ಕೇಳದೆಯೇ ಅದನ್ನು ಬದಲಿಸುವುದು ಬೇರೆ. ಮೊದಲನೆಯದನ್ನು ನಾನು ಮನಸಾರೆ ಒಪ್ಪುತ್ತೇನೆ. ಎರಡನೆಯದು ಅಪಾಯಕಾರಿ ಎಂಬುದು ನನ್ನ ದೃಢ ಅಭಿಪ್ರಾಯ. ಎಕ್ಸೆಲ್ ತಂತ್ರಾಂಶವು ‘ಮಾರ್ಚ್1’, ‘ಸೆಪ್ಟ್1’ ಮುಂತಾದ ವಂಶವಾಹಿಗಳ ಸಂಕೇತಗಳನ್ನು ತಾನಾಗಿಯೇ ದಿನಾಂಕಗಳನ್ನಾಗಿ ಮಾರ್ಪಡಿಸಿ ಸಂಶೋಧನಾ ದತ್ತಾಂಶವನ್ನು ಕೆಡಿಸುತ್ತಿದ್ದುದರಿಂದ, ಮಾನವ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯು 2020ರಲ್ಲಿ ಆ ಹೆಸರುಗಳನ್ನೇ ಬದಲಿಸಬೇಕಾಯಿತು. ಯಂತ್ರದ ಅಭ್ಯಾಸಕ್ಕೆ ವಿಜ್ಞಾನವೇ ಬಾಗಬೇಕಾಗಿ ಬಂದದ್ದು ನನಗೆ ಇಂದಿಗೂ ಕಳವಳದ ಸಂಗತಿ.

ಇನ್ನು, ಪದಪಟ್ಟಿಯನ್ನಷ್ಟೇ ನೋಡುವ ಪರೀಕ್ಷಕವು ‘ಬೆಳೆ’ ಇರಬೇಕಾದಲ್ಲಿ ‘ಬೇಳೆ’ ಬಂದರೆ ಸುಮ್ಮನಿರುತ್ತದೆ, ಏಕೆಂದರೆ ಎರಡೂ ಸರಿಯಾದ ಪದಗಳೇ. ಕೆಂಪು ಗೆರೆ ಕಾಣದಿದ್ದರೆ ಬರಹ ಶುದ್ಧವಾಗಿದೆ ಎಂದು ನಂಬಿ ಮರು ಓದನ್ನೇ ಕೈಬಿಡುವವರು, ವಿಶೇಷವಾಗಿ ಭಾಷೆಯನ್ನು ಇನ್ನೂ ಕಲಿಯುತ್ತಿರುವ ಮಕ್ಕಳು, ಇಲ್ಲಿಯೇ ಮೋಸಹೋಗುತ್ತಾರೆ.

ಆದ್ದರಿಂದ ತಪ್ಪು ತೋರಿಸುವ ಸೌಲಭ್ಯವನ್ನು ಉಳಿಸಿಕೊಂಡು, ಸ್ವಯಂಚಾಲಿತ ಬದಲಾವಣೆಯನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿಕೊಳ್ಳಬೇಕೆಂದು ಓದುಗರಲ್ಲಿ ವಿನಂತಿಸುತ್ತೇನೆ. ವ್ಯಕ್ತಿಗಳ ಹೆಸರು, ಔಷಧಗಳ ಹೆಸರು ಮತ್ತು ಅಂಕಿಗಳಿರುವ ಬರಹವನ್ನು ಕಳುಹಿಸುವ ಮುನ್ನ ಕಣ್ಣಾರೆ ಮತ್ತೊಮ್ಮೆ ಓದುವುದು ಅಗತ್ಯ.

– ಓರ್ವ ಓದುಗ