ಮನೆ ಕೆಡವುವ ಮೊದಲು ಫೋಟೊ ತೆಗೆದಿಡಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿಯ ಇತಿಹಾಸ ಅಂದ್ರೆ ಎಲ್ಲರೂ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ, ಹಳೇಹುಬ್ಬಳ್ಳಿಯ ಭವಾನಿಶಂಕರ ಗುಡಿ ತೋರಿಸುತ್ತಾರೆ. ಸರಿ, ಅವು ಬೇಕೇ ಬೇಕು. ಆದರೆ ನಮ್ಮ ಓಣಿಗಳ ಇತಿಹಾಸ ಯಾರು ಬರೆದಿಡಬೇಕು?

ನಮ್ಮ ಪೇಟೆಯ ದುರ್ಗದಬೈಲಿಗೆ ದಿನಾ ಎಷ್ಟೊಂದು ಜನ ಬರುತ್ತಾರೆ. ಗಿರಮಿಟ್ಟು, ಮಿರ್ಚಿ ತಿಂದು, ಸಂತಿ ಮುಗಿಸಿ ಹೋಗುತ್ತಾರೆ. 1727ರಲ್ಲಿ ಬಸಪ್ಪ ಶೆಟ್ಟಿ ಅನ್ನುವ ವ್ಯಾಪಾರಿ ಸವಣೂರು ನವಾಬರ ಒಪ್ಪಿಗೆ ಪಡೆದು ಇಲ್ಲೇ ಕೋಟೆ ಸುತ್ತ ಹೊಸ ಹುಬ್ಬಳ್ಳಿ ಕಟ್ಟಿಸಿದ್ದು ಅವರಲ್ಲಿ ಎಷ್ಟು ಮಂದಿಗೆ ಗೊತ್ತು? ಅದಕ್ಕೂ ಮೊದಲೇ ಹುಬ್ಬಳ್ಳಿ ದೊಡ್ಡ ಪೇಟೆ. ಇಂಗ್ಲಿಷರ ವ್ಯಾಪಾರದ ಕೋಠಿಯೂ ಇತ್ತು, 1673ರಲ್ಲಿ ಮರಾಠರು ಅದನ್ನು ಲೂಟಿ ಮಾಡಿದರು.

ಈಗ ಹಿರೇಪೇಟೆ, ಘಂಟಿಕೇರಿ, ಮ್ಯಾದಾರ ಓಣಿ ಕಡೆ ಹೋಗಿ ನೋಡಿ. ಹಳೇ ಮನೆಗಳು ಒಂದೊಂದಾಗಿ ಬೀಳುತ್ತಿವೆ. ಮುಂದೆ ಕೂಡಲು ಕಟ್ಟೆ, ಒಳಗೆ ಪಡಸಾಲೆ, ಎಣ್ಣೆ ಕುಡಿದು ಕಪ್ಪಾದ ಸಾಗವಾನಿ ಕಂಬ, ಗೋಡೆಯಲ್ಲಿ ದೀಪ ಇಡುವ ಗೂಡು, ಮಾಳಿಗೆಯಲ್ಲಿ ಬೆಳಕಿಂಡಿ, ಕೆಲವು ಕಡೆ ಜೋಳ ತುಂಬುವ ನೆಲದೊಳಗಿನ ಹಗೇವು ಸಹ. ಜೆಸಿಬಿ ಬಂದರೆ ಒಂದೇ ದಿನದಲ್ಲಿ ಎಲ್ಲಾ ಮಣ್ಣು. ಕೆತ್ತನೆಯ ಚೌಕಟ್ಟು, ಬಾಗಿಲು ಹಳೇ ಕಟ್ಟಿಗೆ ಅಂಗಡಿಗೆ ಹೋಗುತ್ತವೆ, ಅಲ್ಲಿಂದ ಯಾವುದೋ ಊರಿನ ರೆಸಾರ್ಟಿಗೆ.

ನಾನು ಮಾಲೀಕರನ್ನು ದೂರುವುದಿಲ್ಲ. ಅಣ್ಣ-ತಮ್ಮಂದಿರ ನಡುವೆ ಮನೆ ಪಾಲಾಗಿರುತ್ತದೆ, ಮಾಳಿಗೆ ಸೋರುತ್ತಿರುತ್ತದೆ, ರಿಪೇರಿಗೆ ಕೇಳುವ ರೊಕ್ಕದಲ್ಲಿ ಹೊಸ ಮನೆಯೇ ಏಳುತ್ತದೆ. ಅವರು ಕೆಡವಲಿ. ಕೇಳುವುದು ಇಷ್ಟೇ: ಹೊಸ ಕಟ್ಟಡಕ್ಕೆ ಪರವಾನಗಿ ಕೊಡುವ ಮೊದಲು ಪಾಲಿಕೆಯವರು ಹಳೇ ಮನೆಯ ಒಳಗೆ ಹೊರಗೆ ಫೋಟೊ ತೆಗೆಸಲಿ, ಅಳತೆ ಹಾಕಿ ಒಂದು ನಕ್ಷೆ ಬರೆಸಲಿ, ಆ ಮನೆಯಲ್ಲಿ ಮೊದಲು ಏನು ಕಸುಬು ನಡೆಯುತ್ತಿತ್ತು ಅಂತ ಅಲ್ಲಿನ ಹಿರಿಯರನ್ನು ಕೇಳಿ ನಾಲ್ಕು ಸಾಲು ಬರೆದಿಡಲಿ. ಇದಕ್ಕೆ ಜಾಸ್ತಿ ಖರ್ಚಿಲ್ಲ. ನಮ್ಮ ಅವಳಿ ನಗರದಲ್ಲಿ ಆರ್ಕಿಟೆಕ್ಚರ್ ಓದುವ ಹುಡುಗರಿದ್ದಾರೆ, ಇತಿಹಾಸ ಓದುವ ಹುಡುಗಿಯರಿದ್ದಾರೆ, ಕರೆದರೆ ಖುಷಿಯಿಂದ ಬರುತ್ತಾರೆ. ಧಾರವಾಡದ ಕಾಮನಕಟ್ಟಿ, ಮಂಗಳವಾರಪೇಟೆಗೂ ಇದೇ ಆಗಬೇಕು.

ಪಾಲಿಕೆ ಏಳುವವರೆಗೆ ನೀವೇ ಯಾಕೆ ಶುರು ಮಾಡಬಾರದು? ವಾರಕ್ಕೊಂದು ಓಣಿ, ಒಂದು ಫೋಟೊ, ಅಲ್ಲಿನ ಒಬ್ಬ ಅಜ್ಜನದೋ ಅಜ್ಜಿಯದೋ ಮಾತು. ಮೊದಲು ಹಿರೇಪೇಟೆ ತೆಗೆದುಕೊಳ್ಳಿ, ಅಲ್ಲಿ ಹೊತ್ತು ಜಾಸ್ತಿ ಉಳಿದಿಲ್ಲ.

ಇಂತಿ,
ನಿಮ್ಮ ಓದುಗ, ಹಳೇಹುಬ್ಬಳ್ಳಿ