ಬೆಟ್ಟಕ್ಕೆ ಜೆಸಿಬಿ ತರುವ ಮೊದಲು

ಚಿರಂಜೀವಿ ತಮಾ,

ದೊಡ್ಡಪ್ಪನ ಆಶೀರ್ವಾದ. ಇಲ್ಲಿ ಎಲ್ಲರೂ ಆರಾಮ. ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲದ ಬೋರ್ಡೋ ದ್ರಾವಣ ಹೊಡೆದು ಮುಗಿಯಿತು. ಮಳೆ ಇನ್ನೂ ಬಿಟ್ಟಿಲ್ಲ.

ನೀನು ಬೆಂಗಳೂರು ಬಿಟ್ಟು ಊರಿಗೆ ಬರುತ್ತೀಯೆಂದು ಕೇಳಿದಾಗಿನಿಂದ ನಿನ್ನ ದೊಡ್ಡಮ್ಮನ ಬಾಯಲ್ಲಿ ಅದೇ ಮಾತು. ಏಳು ಮನೆಯ ಕೇರಿಯಲ್ಲಿ ನಾಲ್ಕಕ್ಕೆ ಬೀಗ ಬಿದ್ದಿದೆ. ಖಂಡಿತ ಬಾ. ಆದರೆ ಬೆಟ್ಟದ ಕೆಳಮಗ್ಗುಲು ಸಮ ಮಾಡಿಸಿ ಎರಡು ಎಕರೆ ಹೊಸ ತೋಟ ಎಬ್ಬಿಸೋಣ ಅಂದೆಯಲ್ಲ, ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಆ ನೆಲ ನಮ್ಮದಲ್ಲ, ತಮಾ. ನಮ್ಮ ಉತ್ತರ ಕನ್ನಡದಲ್ಲಿ ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ ಎಂಬುದು ಬ್ರಿಟಿಷರ ಕಾಲದಿಂದ ಬಂದ ಸವಲತ್ತು. ಹಸಿ ಸೊಪ್ಪು, ಒಣಗಿ ಉದುರಿದ ದರಕು ತರಬಹುದು, ಅಷ್ಟೇ. ಆ ಸೊಪ್ಪು ಕೊಟ್ಟಿಗೆಯಲ್ಲಿ ದನದ ಕಾಲಡಿ ಗೊಬ್ಬರವಾಗಿ ಅಡಿಕೆ ಬುಡಕ್ಕೆ ಬೀಳುತ್ತದೆ. ಬೆಟ್ಟದ ದರಕಿನಡಿ ಇಂಗಿದ ಮಳೆಯೇ ಒರತೆಯೊಡೆದು ಅಬ್ಬಿಯಾಗಿ ತೋಟದ ತಲೆಗೆ ಬರುತ್ತದೆ.

ಇದನ್ನು ನಾನು ತಪ್ಪು ಮಾಡಿ ಕಲಿತೆ. ಇಪ್ಪತ್ತೈದು ತುಂಬಿರದ ಹುಮ್ಮಸ್ಸಿನಲ್ಲಿ ಅಬ್ಬಿಯ ಮೇಲಿನ ಮತ್ತಿ, ನಂದಿ, ನೇರಲೆ ಕಡಿದು ಬಾಳೆ ಹಚ್ಚಿದೆ. ಮೂರನೇ ವರ್ಷ ಶಿವರಾತ್ರಿಯ ಹೊತ್ತಿಗೆ ಅಬ್ಬಿಯಿಂದ ಮನೆಗೆ ನೀರು ಹರಿಸುವ ದಂಬೆಯಲ್ಲಿ ಧಾರೆ ನೂಲಿನಷ್ಟಾಯಿತು. ಅಪ್ಪಯ್ಯ ಒಂದು ಮಾತೂ ಬೈಯಲಿಲ್ಲ, ಕೊಡ ಎತ್ತಿಕೊಂಡು ಹಳ್ಳಕ್ಕೆ ಇಳಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆಮೇಲೆ 1983ರ ಸೆಪ್ಟೆಂಬರಿನಲ್ಲಿ ಶಿರಸಿ ಕಡೆಯ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ಕಡಿತ ತಡೆದರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಸುದ್ದಿ ಕೇಳಿದಾಗ ನನಗೆ ಕಂಡದ್ದು ಅಪ್ಪಯ್ಯನ ಹೆಗಲ ಮೇಲಿನ ಕೊಡ. ಬಾಳೆ ಕಿತ್ತು ಆ ಜಾಗವನ್ನು ಕಾಡಿಗೇ ಬಿಟ್ಟೆ. ಅಬ್ಬಿಯ ನೀರು ಮತ್ತೆ ಯುಗಾದಿ ದಾಟಿ ಹರಿಯಲು ಇಪ್ಪತ್ತು ವರ್ಷ ಬೇಕಾಯಿತು.

ಅಡಿಕೆಗೆ ಒಳ್ಳೆಯ ದರವಿದೆ, ನಿಜ. ಎಲೆಚುಕ್ಕೆ ರೋಗವೂ ಮಲೆನಾಡಿಗೆ ಬಂದು ಕೂತಿದೆ. ಮೊದಲು ಇರುವ ತೋಟದ ಬಸಿಗಾಲುವೆ ಬಿಡಿಸು, ಸತ್ತ ಮರದ ಜಾಗಕ್ಕೆ ಸಸಿ ಹಾಕು, ಕಾಳುಮೆಣಸು ಹಬ್ಬಿಸು. ಅಷ್ಟಕ್ಕೇ ಮೂರು ವರ್ಷ ಕೈತುಂಬ ಕೆಲಸವಿದೆ.

ಶಿವರಾತ್ರಿ ಕಳೆದ ಮೇಲೆ ಬಾ, ಆಗ ರಕ್ತ ಹೀರುವ ಉಂಬಳದ ಕಾಟ ಇರುವುದಿಲ್ಲ. ಇಬ್ಬರೂ ಅಬ್ಬಿಯವರೆಗೆ ಹತ್ತೋಣ. ನೀರು ಹೊರಡುವ ಕಲ್ಲು ತೋರಿಸುತ್ತೇನೆ. ಅಲ್ಲಿಯವರೆಗೆ ಜೆಸಿಬಿಯವನಿಗೆ ಮುಂಗಡ ಕೊಡಬೇಡ.

ನಿನ್ನ ದೊಡ್ಡಪ್ಪ